ಅಲಗು ಅವರದು, ಹಿಡಿ ನಮ್ಮದು, ಕತ್ತಿ ಯಾರದು?

ಹದಿನಾರು, ಹದಿನೇಳನೆಯ ಶತಮಾನದ ದಖ್ಖನ್ನಿನಲ್ಲಿ ಬಳಕೆಗೆ ಬಂದ ಒಂದು ಬಗೆಯ ನೀಳ, ನೆಟ್ಟನೆಯ ಕತ್ತಿಗೆ ಫಿರಂಗಿ ಎಂದು ಹೆಸರು. ತೋಪಿಗೂ ಇದೇ ಹೆಸರಿದೆ. ಇಲ್ಲಿನ ಮಾತು ಕತ್ತಿಯ ಕುರಿತದ್ದು. ಇದರ ಅಲಗು ಹೆಚ್ಚಾಗಿ ಜರ್ಮನಿಯ ಸೋಲಿಂಗೆನ್, ಇಟಲಿಯ ಜಿನೋವಾದಂಥ ಊರುಗಳಲ್ಲಿ ತಯಾರಾಗಿ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಹಿಡಿ ನಮ್ಮ ಖಂಡೆಯದು: ಬೆರಳುಗಳನ್ನು ಕಾಯುವ ಅಗಲ ಪಟ್ಟಿ, ಒಳಗೆ ಮೆತ್ತೆ, ತುದಿಗೆ ಬಿಲ್ಲೆ, ಬಿಲ್ಲೆಯಿಂದಾಚೆ ಎರಡನೆಯ ಕೈಗೆ ಆಸರೆಯಾಗುವ ಮುಳ್ಳು. ಅಲಗಿನ ಬಾಲವನ್ನು ಹಿಡಿಯೊಳಗೆ ತೂರಿಸಿ, ಅರಗು ಕಾಸಿ ಹೊಯ್ದು ಕೂರಿಸುತ್ತಿದ್ದರು. ಅದು ಸಾಲದೆಂದು ಹಿಡಿಯಿಂದ ಕಬ್ಬಿಣದ ಪಟ್ಟಿಗಳನ್ನು ಅಲಗಿನ ಎರಡೂ ಮೈಮೇಲೆ ಚಾಚಿ ರಿವೆಟ್ ಹೊಡೆಯುತ್ತಿದ್ದರು. ದೂರದ ಜಾವಾದಲ್ಲೂ ಇಂಥದೇ ನಡೆಯಿತು. 1602ರಲ್ಲಿ ಹುಟ್ಟಿದ ಡಚ್ ಈಸ್ಟ್ ಇಂಡಿಯಾ ಕಂಪನಿಯ ವಿಒಸಿ ಗುರುತುಳ್ಳ ಅಲಗಿಗೆ ಜಾವಾದ ಕುಶಲಿ ತನ್ನ ನಾಡಿನ ಹಿಡಿ ತೊಡಿಸಿದ. ತನ್ನ ನಾಡಿನ ಅಲಗಿಗೆ ಡಚ್ಚರ ಮಾದರಿಯ ಕೈಕಾವಲು ಮಾಡಿದ್ದೂ ಉಂಟು. ಇಂಥ ಕತ್ತಿ ಎದುರಾದಾಗ ಸಂಗ್ರಾಹಕರು ಮೊದಲು ಕೇಳುವುದು ಇದು ಎಲ್ಲಿಯದು ಎಂದು. ನನ್ನ ಪ್ರಕಾರ ಹುಟ್ಟಿದ ಊರು ತಿಳಿದ ಮಾತ್ರಕ್ಕೆ ಕತ್ತಿಯ ಗುರುತು ಸಿಕ್ಕಂತಲ್ಲ. ಅಲಗು ಹಿಡಿಗೆ ಸೇರುವ ಆ ನಾಲ್ಕು ಬೆರಳಿನಷ್ಟು ಜಾಗದಲ್ಲಿ ಅದರ ಗುರುತಿದೆ.

ಬಿಡಿ ಭಾಗಗಳು ಕೂಡಿದರೆ ಹೊಸ ವಸ್ತುವಾಗುತ್ತದೆಯೇ ಎಂಬುದು ನಮ್ಮ ದಾರ್ಶನಿಕರ ಹಳೆಯ ಜಗಳ. ಮಿಲಿಂದ ರಾಜನಿಗೆ ನಾಗಸೇನ ಭಿಕ್ಷು ಕೇಳಿದ್ದು ಇದನ್ನೇ: ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ? ಯಾವುದೂ ಅಲ್ಲವಾದರೆ ರಥವೆಂಬುದು ಬರಿಯ ಹೆಸರು. ಅದೇ ತರ್ಕದಲ್ಲಿ ಫಿರಂಗಿ ಎಂಬುದಿಲ್ಲ. ಒಂದು ಜರ್ಮನ್ ಅಲಗು, ಒಂದು ದಖ್ಖನಿ ಹಿಡಿ, ಅಷ್ಟೇ. ನ್ಯಾಯದರ್ಶನದವರಾದ ನೈಯಾಯಿಕರು ಇದನ್ನು ಒಪ್ಪಲಿಲ್ಲ. ಅವಯವಗಳು ಕೂಡಿದಾಗ ಅವಯವಿ ಎಂಬ ಹೊಸ ವಸ್ತುವೇ ಹುಟ್ಟುತ್ತದೆ, ಬಿಡಿ ಭಾಗಗಳಿಂದ ಆಗದ ಕೆಲಸ ಅದರಿಂದ ಆಗುತ್ತದೆ ಎಂಬುದು ಅವರ ವಾದ. ನಾನು ಅವರ ಕಡೆ ನಿಲ್ಲುತ್ತೇನೆ. ಕಾರಣವನ್ನು ಬಾದಾಮಿಯ ಮೊದಲನೆಯ ಗುಹೆಯಲ್ಲಿರುವ ಹರಿಹರ ಮೂರ್ತಿಯಲ್ಲೇ ನೋಡಬಹುದು. ಮೂರ್ತಿಯ ಬಲಭಾಗ ಶಿವನದು: ಮುಡಿಯಲ್ಲಿ ಚಂದ್ರ, ಕೈಯಲ್ಲಿ ಹಾವು ಸುತ್ತಿದ ಕೊಡಲಿ. ಎಡಭಾಗ ವಿಷ್ಣುವಿನದು, ಕೈಯಲ್ಲಿ ಶಂಖ. ಆ ಬದಿಗೆ ಪಾರ್ವತಿ, ಈ ಬದಿಗೆ ಲಕ್ಷ್ಮಿ. ಚಾಲುಕ್ಯ ಶಿಲ್ಪಿ ಎರಡನ್ನು ಕಲಸಿ ಮಸುಕು ಮಾಡಲಿಲ್ಲ. ಪ್ರತಿ ಅರ್ಧಕ್ಕೂ ಅದರದೇ ಲಾಂಛನ ಉಳಿಸಿದ. ಆದರೂ ಅಲ್ಲಿ ನಿಂತಿರುವ ದೇವರು ಒಬ್ಬನೇ. ಅರ್ಧಗಳನ್ನು ಗುರುತಿಸುವವನು ಮೂರ್ತಿಶಾಸ್ತ್ರ ಬಲ್ಲವನು ನಿಜ, ಆದರೆ ಅಲ್ಲಿಗೇ ನಿಂತವನಿಗೆ ಹರಿಹರ ಕಾಣಲಿಲ್ಲ.

ಹರಿಹರನನ್ನು ಒಂದೇ ಬಂಡೆಯಲ್ಲಿ ಕಡೆದರು, ಕತ್ತಿಯಲ್ಲಿರುವುದು ನಿಜವಾಗಿಯೂ ಎರಡು ಬೇರೆ ಲೋಹದ ತುಂಡು, ಹೋಲಿಕೆ ಸಲ್ಲದು ಎಂದು ಯಾರಾದರೂ ಹೇಳಬಹುದು. ನ್ಯಾಯವಾದ ಆಕ್ಷೇಪ. ಹಾಗಾದರೆ ಇಳಕಲ್ ಸೀರೆ ನೋಡಿ. ಒಡಲಿನ ಹತ್ತಿಯ ಹಾಸು ಬೇರೆ, ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಿ ನೇಯುತ್ತಾರೆ. ಇಳಕಲ್ಲಿನ ನೇಕಾರಿಕೆಯ ಹೆಚ್ಚುಗಾರಿಕೆಯೇ ಆ ಕೊಂಡಿ. ರೇಷ್ಮೆ ಹೊರಗಿನಿಂದ ಬಂದಿದೆ ಎಂದು ಸೀರೆಯನ್ನು ಯಾರೂ ಪರವೂರಿನದೆನ್ನುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು, ಮತ್ತು ಧರ್ಮಕ್ಕೆ ಸಂಬಂಧಿಸಿದ್ದು. ಅಲಗು ಮೂಕವಲ್ಲ, ಅದರ ಮೇಲೆ ಬರಹವಿರುತ್ತದೆ. ಶಿವಾಜಿಯದೆಂದು ಹೇಳುವ, 1875-76ರಲ್ಲಿ ಭಾರತಕ್ಕೆ ಬಂದ ವೇಲ್ಸ್ ರಾಜಕುಮಾರನಿಗೆ ಕೊಲ್ಹಾಪುರದಿಂದ ಕಾಣಿಕೆಯಾಗಿ ಸಂದ ಕತ್ತಿಯೊಂದು ಇಂದು ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿದೆ. ಅದರ ಅಲಗು ಯುರೋಪಿನದು. ಮೇಲೆ ಐಎಚ್‌ಎಸ್ ಎಂಬ ಯೇಸುನಾಮದ ಸಂಕೇತಾಕ್ಷರಗಳನ್ನು ಒತ್ತಿದ್ದಾರೆ. ಮರಾಠಿಗರು ಅದನ್ನು ಜಗದಂಬೆಯ ಹೆಸರಿನಿಂದ ಕರೆಯುತ್ತಾರೆ. ಖಂಡೆನವಮಿಯಂದು ಇಂಥ ಅಲಗಿಗೆ ಕುಂಕುಮ ಹಚ್ಚಿದರೆ ಪೂಜೆ ಯಾರಿಗೆ ಸಂದಿತು? ಹುಟ್ಟೇ ಗುರುತು ಎನ್ನುವವರು ಇಲ್ಲಿ ಸಿಕ್ಕಿಬೀಳುತ್ತಾರೆ: ಒಂದೋ ಪೂಜೆ ತಪ್ಪು ವಿಳಾಸಕ್ಕೆ ಹೋಯಿತೆನ್ನಬೇಕು, ಇಲ್ಲವೇ ಅಕ್ಷರಗಳು ಇಲ್ಲವೇ ಇಲ್ಲವೆನ್ನಬೇಕು. ಎರಡೂ ಸುಳ್ಳು. ಪೂಜೆ ಹೋಗುವುದು ಬದುಕಿಗೆ ಒದಗುವ ವಸ್ತುವಿಗೆ, ಅದರ ಮೂಲಕ ಒದಗಿಸುವ ಶಕ್ತಿಗೆ. ಅದೇ ದಿನ ನೇಕಾರ ಮಗ್ಗಕ್ಕೂ ಚಾಲಕ ಲಾರಿಗೂ ಪೂಜೆ ಮಾಡುತ್ತಾನೆ; ಎಂಜಿನ್ ಯಾವ ದೇಶದ ವಿನ್ಯಾಸವೆಂದು ದೇವಿ ವಿಚಾರಿಸುತ್ತಾಳೆಂದು ಯಾರೂ ಅಂಜುವುದಿಲ್ಲ. ಹಾಗೆಂದು ಆ ಅಕ್ಷರಗಳನ್ನು ಉಜ್ಜಿ ತೆಗೆಯಬೇಕಿಲ್ಲ. ಹರಿಹರನ ಶಂಖದಂತೆ ಅವೂ ಇರಲಿ.

ಮೂಲಕ್ಕೆ ಬೆಲೆಯಿಲ್ಲವೆಂದರೆ ನಕಲಿಗೆ ಬಾಗಿಲು ತೆರೆದಂತಲ್ಲವೇ ಎಂಬ ಪ್ರಶ್ನೆಯೂ ಉಂಟು. ಜಿನೋವಾದ ಹೆಸರಿಗೆ ಬೇಡಿಕೆಯಿದ್ದಾಗ ನಮ್ಮ ಕಮ್ಮಾರರೇ ತಮ್ಮ ಅಲಗಿಗೆ ಆ ಊರಿನ ಹೆಸರನ್ನೂ ಅರ್ಧಚಂದ್ರದ ಗುರುತನ್ನೂ ಒತ್ತಿದ್ದಾರೆ. ಮೂಲವನ್ನೇ ನಂಬಿದವನು ಇಲ್ಲಿ ಮೊದಲು ಮೋಸಹೋಗುತ್ತಾನೆ, ಆಮೇಲೆ ಸಿಟ್ಟಿನಿಂದ ಕತ್ತಿಯನ್ನೇ ಬಿಸಾಡುತ್ತಾನೆ. ಕೂಡಿಕೆಯನ್ನು ನೋಡುವವನಿಗೆ ಆ ಸುಳ್ಳು ಗುರುತೂ ಒಂದು ಸಾಕ್ಷಿ: ಇಲ್ಲಿನ ಕಮ್ಮಾರನಿಗೆ ಕೊಳ್ಳುವವನ ಮನಸ್ಸು ಗೊತ್ತಿತ್ತು. ಮೂಲವನ್ನು ಕಣ್ಣಿಟ್ಟು ಪರೀಕ್ಷಿಸಲೇಬೇಕು. ಆದರೆ ಅದು ಗುರುತಿನ ಒಂದು ಭಾಗ ಮಾತ್ರ.

ಎಲ್ಲಕ್ಕಿಂತ ಕಠಿಣವಾದ ಆಕ್ಷೇಪ ಇದು: ಕೂಡಿಕೆ, ಬಳಕೆಗಳೇ ಗುರುತಾದರೆ ಕಿತ್ತುಕೊಂಡವನೂ ನಾಳೆ ತನ್ನದೆನ್ನಬಹುದಲ್ಲ? ಇದಕ್ಕೆ ಉತ್ತರ ಬಾದಾಮಿ, ಇಳಕಲ್ಲುಗಳಿರುವ ಬಾಗಲಕೋಟೆ ಜಿಲ್ಲೆಯ ಮಣ್ಣಿನಲ್ಲೇ ಇದೆ. 1857ರ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು, ಆಯುಧ ಒಪ್ಪಿಸಿ ಎಂಬ ಇಂಗ್ಲಿಷರ ಹುಕುಮಿಗೆ ಮಣಿಯಲಿಲ್ಲ. ಊರು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿದರು. ಜನ ಆ ಕಥೆಯನ್ನು ಲಾವಣಿಯಾಗಿ ಹಾಡಿದರು; ಅದನ್ನು ಬರೆದಿಟ್ಟು ಅಚ್ಚುಮಾಡಿಸಿದವನು ಇಂಗ್ಲಿಷ್ ಅಧಿಕಾರಿಯಾಗಿದ್ದ ಫ್ಲೀಟ್. ಆ ಬೇಡರ ಹಕ್ಕು ಕಬ್ಬಿಣ ಎಲ್ಲಿಂದ ಬಂತೆಂಬುದರ ಮೇಲೆ ನಿಂತಿರಲಿಲ್ಲ. ಆಯುಧದೊಂದಿಗೆ ಅವರ ಬೇಟೆ, ಕಾವಲು, ಮಾನ, ಪೂಜೆ ಎಲ್ಲವೂ ಬೆಸೆದಿದ್ದವು. ಕಿತ್ತುಕೊಂಡವನು ಆ ಬೆಸುಗೆಯನ್ನು ಕಡಿದ, ಹೊಸದನ್ನು ಬೆಸೆಯಲಿಲ್ಲ. ಹಿಡಿ ತೊಡಿಸಿದ ಕಮ್ಮಾರನ ಕೆಲಸವನ್ನೂ ಆಯುಧ ಕಸಿದ ಸೈನ್ಯದ ಕೆಲಸವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಆದರೂ ಕಸಿದದ್ದೂ ಕತ್ತಿಯ ಕಥೆಯೊಳಗೇ ಸೇರುತ್ತದೆ. ಬಾದಾಮಿಯ ನಾಲ್ಕನೆಯ ಗುಹೆ ಜೈನರದು. ದ್ರವ್ಯ ಉಳಿಯುತ್ತದೆ, ಪರ್ಯಾಯಗಳು ಅಂದರೆ ಅದರ ಅವಸ್ಥೆಗಳು ಬದಲಾಗುತ್ತವೆ, ಯಾವ ಒಂದೇ ನೋಟವೂ ಪೂರ್ತಿಯಲ್ಲ ಎಂಬ ಅವರ ಅನೇಕಾಂತ ಇಲ್ಲಿ ಒದಗಿಬರುತ್ತದೆ. ಸೋಲಿಂಗೆನ್ನಿನ ಕುಲುಮೆ, ದಖ್ಖನ್ನಿನ ಅರಗು, ಖಂಡೆನವಮಿಯ ಕುಂಕುಮ, ಲಂಡನ್ನಿನ ಕಪಾಟು ಇವೆಲ್ಲ ಒಂದೇ ಕತ್ತಿಯ ಅವಸ್ಥೆಗಳು. ವಸ್ತುಸಂಗ್ರಹಾಲಯದ ಚೀಟಿಯಲ್ಲಿ ‘ಯುರೋಪಿಯನ್ ಅಲಗು, ಭಾರತೀಯ ಹಿಡಿ’ ಎಂದಷ್ಟೇ ಬರೆದರೆ ಎರಡು ತುಂಡುಗಳ ವಿವರ ಕೊಟ್ಟಂತಾಯಿತು. ಪಟ್ಟಿಗಳು ಅಲಗಿನ ಮೇಲೆ ಎಷ್ಟು ಉದ್ದ ಚಾಚಿವೆ, ರಿವೆಟ್ ಎಷ್ಟು ಸಲ ಬದಲಾಗಿದೆ, ಒಳಗಿನ ಮೆತ್ತೆ ಎಲ್ಲಿ ಸವೆದಿದೆ, ಯಾವ ಕೈಯಿಂದ ಯಾವ ಕೈಗೆ ಹೇಗೆ ಹೋಯಿತು, ಕೊಟ್ಟರೋ ಕಸಿದರೋ ಎಂಬುದನ್ನೂ ಅದೇ ಚೀಟಿಯಲ್ಲಿ ಬರೆಯಬೇಕು.