ಕರ್ಮದ ಲೆಕ್ಕ: ಬಸ್ತಿಹಳ್ಳಿಯ ಬಸದಿ, ಅಮೆರಿಕದ ಧಾರಾವಾಹಿ

ಅಮೆರಿಕದ ಎರಡು ಹಾಸ್ಯ ಧಾರಾವಾಹಿಗಳು ಕರ್ಮಫಲವನ್ನೇ ಕಥಾವಸ್ತು ಮಾಡಿಕೊಂಡಿವೆ. ‘ಮೈ ನೇಮ್ ಈಸ್ ಅರ್ಲ್’ನಲ್ಲಿ (2005–2009) ಚಿಲ್ಲರೆ ಕಳ್ಳನೊಬ್ಬ ತನ್ನ ತಪ್ಪುಗಳನ್ನು ಪಟ್ಟಿ ಮಾಡಿ, ಒಂದೊಂದನ್ನೇ ಸರಿಪಡಿಸಿ ಹೊಡೆದುಹಾಕುತ್ತ ಹೋಗುತ್ತಾನೆ. ‘ದಿ ಗುಡ್ ಪ್ಲೇಸ್’ನಲ್ಲಿ (2016–2020) ಪರಲೋಕದ ಲೆಕ್ಕಿಗರು ಪ್ರತಿ ಕೆಲಸಕ್ಕೂ ಅಂಕ ಹಾಕುತ್ತಾರೆ. ಟೊಮೆಟೊ ಕೊಂಡವನ ಖಾತೆಯಲ್ಲೂ ಕೀಟನಾಶಕದ, ಕೂಲಿಗಾರರ ಶೋಷಣೆಯ ಪಾಪ ಸೇರುತ್ತದೆ.

ಹಳೇಬೀಡಿಗೆ ಹೊಂದಿಕೊಂಡ ಬಸ್ತಿಹಳ್ಳಿಯ ಬಸದಿಗಳ ಹಿಂದಿರುವ ಜೈನ ದರ್ಶನ, ಕರ್ಮದ ಲೆಕ್ಕ ನಡೆಯುವುದು ಹೇಗೆ ಎಂಬುದಕ್ಕೆ ಬೇರೆಯೇ ಉತ್ತರ ಕೊಡುತ್ತದೆ. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವ ತನ್ನ ತಂದೆ, ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗೆ ಕಟ್ಟಿಸಿದ. ಜೈನರಲ್ಲಿ ಲೆಕ್ಕ ಬರೆಯುವವನೂ ಇಲ್ಲ, ತೀರ್ಪು ಕೊಡುವವನೂ ಇಲ್ಲ. ಕರ್ಮ ಸೂಕ್ಷ್ಮ ಪುದ್ಗಲ, ಅಂದರೆ ಜಡದ್ರವ್ಯ. ಕ್ರೋಧ, ಮಾನ, ಮಾಯೆ, ಲೋಭಗಳಿಂದ ಜಿಗುಟಾದ ಜೀವಕ್ಕೆ ಅದು ಧೂಳಿನಂತೆ ಅಂಟುತ್ತದೆ. ಹೀಗಾಗಿ ಸಂಕಲ್ಪಕ್ಕೆ ತೂಕ ಹೆಚ್ಚು. ಹೊಯ್ಸಳರ ಆಸ್ಥಾನಕವಿ ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ತಾಯಿ ಮಗ ಇಬ್ಬರೂ ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು, ಆದರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಕೊಲ್ಲುವ ಸಂಕಲ್ಪವೇ ಅವರನ್ನು ಕಟ್ಟಿಹಾಕಿತು. ಟೊಮೆಟೊ ಕೊಂಡವನದು ಇದಕ್ಕೆ ಪೂರಾ ತಿರುವುಮುರುವು: ಹಿಂಸೆ ನಡೆದಿದೆ, ಸಂಕಲ್ಪವಿಲ್ಲ. ಹಾಗೆಂದು ಅವನು ಪೂರ್ತಿ ಪಾರಾಗುವುದಿಲ್ಲ. ಎಚ್ಚರಗೇಡಿತನವೂ, ಅಂದರೆ ಪ್ರಮಾದವೂ, ದೋಷವೇ.

ಅರ್ಲ್‌ನ ಪಟ್ಟಿಯಂತೂ ಇಲ್ಲಿ ನಿಲ್ಲದು. ಪುಣ್ಯವೂ ಬಂಧನವೇ ಆದ್ದರಿಂದ ಅದು ಪಾಪಕ್ಕೆ ವಜಾ ಆಗುವುದಿಲ್ಲ. ಸಂವರದಿಂದ ಹೊಸ ಕರ್ಮವನ್ನು ತಡೆದು, ತಪಸ್ಸಿನಿಂದ ಹಳೆಯದನ್ನು ಉದುರಿಸಬೇಕು. ನಾಲ್ಕು ಸೀಸನ್‌ಗಳ ನಂತರ ಆ ಧಾರಾವಾಹಿ ನಿಂತಾಗ ಪಟ್ಟಿ ಮುಗಿದಿರಲಿಲ್ಲ.