ಐದನೆಯ ಕಾರಣ

ಒಂದು ಕೆಲಸ ನಡೆದಾಗ ಅದನ್ನು ನಡೆಸಿದವರು ಯಾರು, ಅದು ಕೆಟ್ಟಾಗ ಹೊಣೆ ಯಾರದು ಎಂಬುದನ್ನು ನಮ್ಮ ದರ್ಶನಗಳು ಕರ್ತೃತ್ವದ ಪ್ರಶ್ನೆಯೆಂದು ಕರೆದು ಬಹುಕಾಲ ಚರ್ಚಿಸಿವೆ. ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಎಂದರೆ ಆದೋನಿ, ಆಲೂರು, ಕೌತಾಳಂ, ಕೋಸಗಿ, ಮಂತ್ರಾಲಯಗಳ ಸೀಮೆಯಲ್ಲಿ, ಈ ಪ್ರಶ್ನೆ ಪಂಡಿತರ ಗ್ರಂಥಗಳಲ್ಲಿಯೇ ಉಳಿದುಬಿಡಲಿಲ್ಲ. 1671ರಲ್ಲಿ ಮಧ್ವಮತದ ಯತಿಗಳಾದ ರಾಘವೇಂದ್ರತೀರ್ಥರು ತುಂಗಭದ್ರೆಯ ದಂಡೆಯ ಮಂಚಾಲೆಯಲ್ಲಿ, ಇಂದಿನ ಮಂತ್ರಾಲಯದಲ್ಲಿ, ತಮ್ಮ ಸಮಾಧಿಸ್ಥಳವಾದ ಬೃಂದಾವನವನ್ನು ಪ್ರವೇಶಿಸಿದರು. ಆ ಗ್ರಾಮವನ್ನು ಆದೋನಿಯ ಆಡಳಿತ ನಡೆಸುತ್ತಿದ್ದ ಸಿದ್ದಿ ಮಸೂದ್ ಖಾನನು ಬಿಟ್ಟುಕೊಟ್ಟನೆಂದು ಸಂಪ್ರದಾಯ ಹೇಳುತ್ತದೆ. 1755ರಲ್ಲಿ ಹರಿದಾಸರಾದ ವಿಜಯದಾಸರು ಇದೇ ಸೀಮೆಯ ಚಿಪ್ಪಗಿರಿಯಲ್ಲಿ ದೇಹವಿಟ್ಟರು, ಮತ್ತು ಮಧ್ವರ ದ್ವೈತಮತದ ಪ್ರಮೇಯಗಳನ್ನು, ಎಂದರೆ ಸಿದ್ಧಾಂತಗಳನ್ನು, ಸುಳಾದಿ ಎಂಬ ಹಾಡುಗಳಲ್ಲಿ ಕನ್ನಡಕ್ಕೆ ಇಳಿಸಿದ ಅವರ ಪರಂಪರೆಯಿಂದಾಗಿ ಸ್ವತಂತ್ರ, ಪರತಂತ್ರ ಎಂಬ ಶಾಸ್ತ್ರದ ಮಾತುಗಳು ಸಂಸ್ಕೃತ ಬಾರದ ಮನೆಗಳಲ್ಲಿಯೂ ನೆಲೆಯೂರಿದವು. 1953ರ ಅಕ್ಟೋಬರ್ 1ರವರೆಗೆ ಆದೋನಿ ಮತ್ತು ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಇದ್ದವು. ಹೊಸ ಆಂಧ್ರ ರಾಜ್ಯಕ್ಕೆ ಸೇರಿದ ಮೇಲೆಯೂ ಅಲ್ಲಿನ ಅನೇಕ ಮನೆಗಳ ಒಳಮಾತು ಕನ್ನಡವೇ. ಆ ಒಳಮಾತಿನಲ್ಲಿ ‘ದೇವರ ಇಚ್ಛೆ’, ‘ಹಣೆಬರಹ’, ‘ಕರ್ಮ’ ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ, ಒಂದೇ ಅರ್ಥದಲ್ಲಿ ಬಳಸುವ ರೂಢಿಯೂ ಬೆಳೆದಿದೆ. ಈ ರೂಢಿಗೆ ಶಾಸ್ತ್ರದ ಆಧಾರವಿದೆಯೇ ಎಂಬುದನ್ನು, ಮನೆಯೊಳಗೆ ತುಳಿಯುವ ವ್ಯಾಯಾಮದ ಸೈಕಲ್ಲಿನ ಬೆಲ್ಟು ಹರಿಯುವಂಥ ಸಣ್ಣ ಸಂಗತಿಯನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಿಸಲಾಗಿದೆ. ವಿಷಯ ಸಣ್ಣದಾದಷ್ಟೂ ಭಾವುಕತೆಯ ಅಡ್ಡಿ ಕಡಿಮೆ ಎಂಬುದು ಈ ಆಯ್ಕೆಗೆ ಕಾರಣ.

ಭಗವದ್ಗೀತೆಯ 18ನೆಯ ಅಧ್ಯಾಯದ 14ನೆಯ ಶ್ಲೋಕವು ಯಾವುದೇ ಕರ್ಮ ಸಿದ್ಧಿಸಲು ಐದು ಕಾರಣಗಳು ಬೇಕೆಂದು ಎಣಿಸುತ್ತದೆ: ಕ್ರಿಯೆಗೆ ನೆಲೆಯಾದ ಅಧಿಷ್ಠಾನ, ಮಾಡುವವನಾದ ಕರ್ತೃ, ಸಾಧನಗಳಾದ ಕರಣ, ಬಗೆಬಗೆಯ ಚಲನೆಯಾದ ಚೇಷ್ಟೆ, ಮತ್ತು ಐದನೆಯದಾಗಿ ದೈವ. ಈ ಐದನೆಯದು ಏನೆಂಬುದರಲ್ಲಿ ಮೂವರು ಆಚಾರ್ಯರು ಮೂರು ದಾರಿ ಹಿಡಿದಿದ್ದಾರೆ. ಕಣ್ಣು ಮೊದಲಾದ ಇಂದ್ರಿಯಗಳಿಗೆ ಅನುಗ್ರಹ ಮಾಡುವ ಆದಿತ್ಯಾದಿ ದೇವತೆಗಳೆಂದು ಶಂಕರರು ಹೇಳುತ್ತಾರೆ. ಒಳಗಿದ್ದು ನಿಯಮಿಸುವ ಅಂತರ್ಯಾಮಿ ಪರಮಾತ್ಮನೇ ಅದು, ಐದರಲ್ಲಿ ಅವನೇ ಪ್ರಧಾನ ಎಂದು ರಾಮಾನುಜರು ಹೇಳುತ್ತಾರೆ. ಮಧ್ವರಾದರೋ ದೈವವೆಂದರೆ ಅದೃಷ್ಟ, ಎಂದರೆ ಹಿಂದೆ ಮಾಡಿದ ಕರ್ಮದಿಂದ ಉಳಿದುಬಂದ, ಕಣ್ಣಿಗೆ ಕಾಣದ ಶೇಷ ಎಂದು ಅರ್ಥ ಮಾಡಿ, ವಿಷ್ಣುವನ್ನು ಎರಡನೆಯ ಸ್ಥಾನದಲ್ಲಿ, ಕರ್ತೃವಿನ ಸ್ಥಾನದಲ್ಲಿ ಕೂರಿಸುತ್ತಾರೆ. ಈ ವ್ಯಾಖ್ಯೆಯ ಪರಿಣಾಮ ಸಾಮಾನ್ಯವಾದುದಲ್ಲ. ವಿವರಣೆಗಳೆಲ್ಲ ಮುಗಿದ ಮೇಲೆ ಉಳಿದ ಕತ್ತಲೆಗೆ ದೇವರೆಂದು ಹೆಸರಿಡುವ ಪದ್ಧತಿಗೆ ಇಲ್ಲಿ ಎಡೆಯಿಲ್ಲ, ಏಕೆಂದರೆ ದೇವರು ಕರಣ ಮತ್ತು ಚೇಷ್ಟೆಗಳ ನಡುವೆಯೇ, ವಿವರಿಸಬಹುದಾದ ಕ್ರಿಯೆಯ ಒಳಗೇ ಇದ್ದಾನೆ. ಅದೃಷ್ಟವು ಐದರಲ್ಲಿ ಒಂದು ಮಾತ್ರ. ಹಾಗಾಗಿ ದೇವರ ಇಚ್ಛೆಯನ್ನೂ ಹಣೆಬರಹವನ್ನೂ ಒಂದೇ ಎಂದು ಬಗೆಯುವ ಮಾತು ಮಂತ್ರಾಲಯದ ನೆರಳಿನಲ್ಲಿ ಎಷ್ಟೇ ಕೇಳಿಬರಲಿ, ಮಧ್ವಮತದ ಮಾತಾಗಲಾರದು.

ಈಗ ಯಂತ್ರದ ಕಡೆಗೆ ತಿರುಗಬಹುದು. ಭಾಷ್ಯಕಾರರು ಅಧಿಷ್ಠಾನವೆಂದಾಗ ಮುಖ್ಯವಾಗಿ ದೇಹವನ್ನೇ ಹೇಳಿದ್ದಾರೆ. ಅದನ್ನು ಯಂತ್ರಕ್ಕೂ ಅದು ನಿಂತಿರುವ ಕೋಣೆಗೂ ವಿಸ್ತರಿಸುವುದು ಈ ಪ್ರಬಂಧದ ಅನ್ವಯವೇ ಹೊರತು ಶಾಸ್ತ್ರವಾಕ್ಯವಲ್ಲ. ವ್ಯಾಯಾಮದ ಸೈಕಲ್ಲಿನಲ್ಲಿ ಪೆಡಲು ಕ್ರ್ಯಾಂಕನ್ನೂ, ಕ್ರ್ಯಾಂಕು ದೊಡ್ಡ ಪುಲ್ಲಿಯನ್ನೂ ತಿರುಗಿಸುತ್ತದೆ. ದೊಡ್ಡ ಪುಲ್ಲಿಯಿಂದ ಬೆಲ್ಟು ಹೊರಟು ಸಣ್ಣ ಪುಲ್ಲಿಯನ್ನು ಸುತ್ತಿ, ಅದರೊಡನೆ ಫ್ಲೈವೀಲ್ ಎಂಬ ಭಾರದ ಚಕ್ರವನ್ನು ಓಡಿಸುತ್ತದೆ. ನಡುವೆ ಸ್ಪ್ರಿಂಗಿನಿಂದ ಒತ್ತಿಹಿಡಿದ ಚಿಕ್ಕ ಗಾಲಿಯೊಂದು ಬೆಲ್ಟನ್ನು ಬಿಗಿಯಾಗಿ ಇಡುತ್ತದೆ. ಫ್ಲೈವೀಲಿನ ಅಂಚಿಗೆ ಹತ್ತಿರವಾಗುವ ಅಯಸ್ಕಾಂತ ಅಥವಾ ಉಜ್ಜುವ ಪ್ಯಾಡು ತುಳಿಯುವವರ ಕಾಲಿಗೆ ಭಾರವನ್ನು ಕೊಡುತ್ತದೆ. ಪೆಡಲು ಯಾವ ಭಾರವೂ ಇಲ್ಲದೆ ಸುಮ್ಮನೆ ತಿರುಗಿ, ಫ್ಲೈವೀಲು ನಿಂತಲ್ಲೇ ನಿಂತಿದ್ದರೆ ಬೆಲ್ಟು ಹರಿದಿದೆ ಅಥವಾ ಜಾರಿ ಬಿದ್ದಿದೆ ಎಂದು ಮುಚ್ಚಳ ತೆಗೆಯುವ ಮೊದಲೇ ತಿಳಿಯಬಹುದು. ಚಕ್ರ ತಿರುಗಿಯೂ ಗುಂಡಿ ಬಿಗಿದಾಗ ಭಾರ ಏರದಿದ್ದರೆ ದೋಷ ಸಾಮಾನ್ಯವಾಗಿ ಅಯಸ್ಕಾಂತವನ್ನು ಎಳೆಯುವ ತಂತಿಯಲ್ಲಿರುತ್ತದೆ, ಬೆಲ್ಟಿನಲ್ಲಲ್ಲ.

ಕಂಡದ್ದರಿಂದ ಕಾಣದ್ದನ್ನು ತಿಳಿಯುವ ಈ ಬಗೆಗೆ ಅನುಮಾನವೆಂದು ಹೆಸರು. ಪ್ರತ್ಯಕ್ಷ, ಅನುಮಾನ, ಆಗಮ ಎಂಬ ಮೂರನ್ನು ಮಾತ್ರ ಪ್ರಮಾಣಗಳೆಂದು, ಎಂದರೆ ಸರಿಯಾದ ಅರಿವಿನ ಸಾಧನಗಳೆಂದು ಒಪ್ಪುವ ದ್ವೈತಿಗಳು ಅನುಮಾನವನ್ನು ದೋಷವಿಲ್ಲದ ಯುಕ್ತಿ ಎಂದು ಲಕ್ಷಣೀಕರಿಸುತ್ತಾರೆ. ಕಾರ್ಯದಿಂದ ಕಾರಣವನ್ನು ಊಹಿಸುವುದು ಅದರಲ್ಲಿ ಒಂದು ಬಗೆ. ಹರಿದ ಬೆಲ್ಟು ಇಂಥ ಅನುಮಾನಕ್ಕೆ ಒಳ್ಳೆಯ ವಿಷಯವಾಗುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡಿದರೆ, ಒಂದೇ ಅಂಚು ನೂಲು ನೂಲಾಗಿ ಬಿಚ್ಚಿಕೊಂಡಿದ್ದಲ್ಲಿ ಎರಡು ಪುಲ್ಲಿಗಳು ಒಂದೇ ನೇರದಲ್ಲಿಲ್ಲವೆಂದು ತಿಳಿಯಬೇಕು. ಬೆಲ್ಟಿನ ಒಳಮೈಯ ಉದ್ದುದ್ದ ಗೆರೆಗಳಿಗೆ ಅಡ್ಡಲಾಗಿ ಸಣ್ಣ ಬಿರುಕುಗಳಿದ್ದರೆ ಅದು ವಯಸ್ಸು ಮತ್ತು ಬಿಸಿಲಿನ ಕೆಲಸ. ಗೆರೆಗಳು ಗಾಜಿನಂತೆ ಹೊಳೆದು ಗಟ್ಟಿಯಾಗಿದ್ದರೆ ಬೆಲ್ಟು ಸಡಿಲಾಗಿ ಬಹಳ ದಿನ ಜಾರಿದೆ. ಒಂದೇ ಜಾಗದಲ್ಲಿ ಸುಟ್ಟ ಗುರುತಿದ್ದರೆ ಯಾವುದೋ ಗಾಲಿಯ ಬೇರಿಂಗು ಹಿಡಿದುಕೊಂಡು ಬೆಲ್ಟು ನಿಂತು, ತಿರುಗುವ ಪುಲ್ಲಿ ಅದನ್ನು ಆ ಜಾಗದಲ್ಲಿಯೇ ಉಜ್ಜಿದೆ. ಈ ನಾಲ್ಕರಲ್ಲಿ ಮೊದಲನೆಯದನ್ನು ಜನ ಗಮನಿಸುವುದು ಅಪರೂಪ. ಅದಕ್ಕೇ ಅವರ ಹೊಸ ಬೆಲ್ಟೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಆದೋನಿಯ ಅಧಿಷ್ಠಾನಕ್ಕೆ ಅದರದೇ ಗುಣವಿದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿಯನ್ನು ದಾಟುತ್ತದೆ, ಮಾಳಿಗೆಯ ಮೇಲಿನ ಕೋಣೆ ಇನ್ನೂ ಕಾಯುತ್ತದೆ, ರಬ್ಬರು ಬೇಗ ಮುಪ್ಪಾಗುತ್ತದೆ. ಊರು ಹತ್ತಿಯ ದೊಡ್ಡ ಮಾರುಕಟ್ಟೆ; ಜಿನ್ನಿಂಗ್ ಮಿಲ್ಲುಗಳಲ್ಲಿ, ಎಂದರೆ ಬೀಜದಿಂದ ಅರಳೆಯನ್ನು ಬೇರ್ಪಡಿಸುವ ಕಾರ್ಖಾನೆಗಳಲ್ಲಿ, ಕೆಲಸ ಜೋರಾಗಿರುವ ತಿಂಗಳುಗಳಲ್ಲಿ ಸುತ್ತಲಿನ ಮನೆಗಳಿಗೂ ಹತ್ತಿಯ ನವಿರು ನುಗ್ಗುತ್ತದೆ, ಪುಲ್ಲಿಯ ಗೆರೆಗಳಲ್ಲಿ ಕೂದಲಿನೊಡನೆ ಸೇರಿ ಗಟ್ಟಿ ಪದರವಾಗಿ ಕೂರುತ್ತದೆ, ಬೆಲ್ಟು ಅದರ ಮೇಲೆ ಏರಿ ಪಕ್ಕಕ್ಕೆ ಸರಿಯುತ್ತದೆ. ಇದರ ಜೊತೆಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ: ಮಹಾನವಮಿಯ ಆಯುಧಪೂಜೆಯಲ್ಲಿ ಮಿಲ್ಲಿನ ಮೋಟಾರಿನಿಂದ ಮನೆಯ ಸೈಕಲ್ಲಿನವರೆಗೆ ಎಲ್ಲಕ್ಕೂ ಅರಿಸಿನ ಕುಂಕುಮ ಏರುತ್ತದೆ. ಯಂತ್ರ ತನಗೆ ಅಧೀನವೆಂಬ ಗರ್ವವನ್ನು ವರ್ಷಕ್ಕೊಮ್ಮೆಯಾದರೂ ಇಳಿಸುವ ಈ ಆಚರಣೆ ಅರ್ಥವಂತವಾದುದೇ, ಆದರೆ ಕುಂಕುಮವನ್ನು ಚೌಕಟ್ಟಿಗೆ ಹಚ್ಚಬೇಕು, ಪುಲ್ಲಿಗಲ್ಲ. ಗೆರೆಗಳ ನಡುವೆ ಬಿದ್ದ ಪುಡಿಯು ಭಕ್ತಿಯಿಂದ ಬಿದ್ದದ್ದೆಂದು ರಬ್ಬರಿಗೆ ಗೊತ್ತಾಗುವುದಿಲ್ಲ.

ಯಂತ್ರದಿಂದ ಮತ್ತೆ ಶಾಸ್ತ್ರಕ್ಕೆ ಬಂದರೆ, ಮಧ್ವರಂತೆ ಕರ್ತೃವಾಗಿ ವಿಷ್ಣುವನ್ನು ಒಪ್ಪಿದ ಮೇಲೆ ಸ್ಪ್ಯಾನರು ಹಿಡಿದ ಮನುಷ್ಯನಿಗೆ ಯಾವ ಸ್ಥಾನ ಉಳಿಯಿತು ಎಂಬ ಆಕ್ಷೇಪ ಏಳುತ್ತದೆ, ಮತ್ತು ಇದು ಗಟ್ಟಿಯಾದ ಆಕ್ಷೇಪ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದವು ಇದನ್ನೇ ಎತ್ತಿಕೊಳ್ಳುತ್ತದೆ. ಜೀವನು ಕರ್ತೃವಲ್ಲದಿದ್ದರೆ ‘ಇದನ್ನು ಮಾಡು, ಅದನ್ನು ಬಿಡು’ ಎನ್ನುವ ಶಾಸ್ತ್ರವೇ ವ್ಯರ್ಥವಾದೀತೆಂದು ಸೂತ್ರಕಾರರು ಮೊದಲು ಹೇಳಿ, ಮುಂದೆ ಬಡಗಿಯ ನಿದರ್ಶನವನ್ನು ತರುತ್ತಾರೆ. ಶಂಕರರ ಪ್ರಕಾರ ಬಡಗಿಯು ಉಳಿ ಬಾಚಿ ಹಿಡಿದಾಗ ದುಡಿದು ದಣಿಯುತ್ತಾನೆ, ಅವನ್ನು ಇಟ್ಟು ಮನೆಗೆ ಬಂದಾಗ ಸುಖವಾಗಿರುತ್ತಾನೆ. ಹಾಗೆಯೇ ಆತ್ಮನ ಕರ್ತೃತ್ವ ಉಪಾಧಿಯಿಂದ, ಎಂದರೆ ಹೊರಗಿನಿಂದ ಅಂಟಿದ ಸಾಧನದಿಂದ ಬಂದದ್ದು, ಸ್ವಭಾವವಲ್ಲ. ಮಧ್ವರು ಅದೇ ಬಡಗಿಯನ್ನು ಬೇರೆ ಕಡೆಯಿಂದ ನೋಡುತ್ತಾರೆ: ಮಾಡಿಸುವ ಯಜಮಾನನ ನಿಯಮನಕ್ಕೆ ಒಳಪಟ್ಟಿದ್ದರೂ ಕೆತ್ತುವವನು ಬಡಗಿಯೇ; ಅವನಲ್ಲಿ ಅಧೀನತೆ, ಕರ್ತೃತ್ವ ಎರಡೂ ಒಟ್ಟಿಗೆ ಇವೆ ಮತ್ತು ಎರಡೂ ನಿಜ. ಸ್ವತಂತ್ರ ಕರ್ತೃತ್ವ ವಿಷ್ಣುವಿಗೆ ಮಾತ್ರ, ಜೀವನದು ಅವನು ಕೊಟ್ಟ ಅಧೀನ ಕರ್ತೃತ್ವ. ಕೈಕಸುಬಿನವರ ಅನುಭವಕ್ಕೆ ಈ ಎರಡನೆಯ ವ್ಯಾಖ್ಯೆ ಹೆಚ್ಚು ಹತ್ತಿರವೆಂದು ಹೇಳದೆ ವಿಧಿಯಿಲ್ಲ. ಬೆಲ್ಟಿನ ಅಳತೆ, ಪುಲ್ಲಿಯ ನೇರ, ಸ್ಪ್ರಿಂಗಿನ ಬಲ ಯಾವುದೂ ರಿಪೇರಿ ಮಾಡುವವನ ಇಷ್ಟವನ್ನು ಕೇಳುವುದಿಲ್ಲ, ಆದರೂ ಅವನು ಕೈ ಹಾಕದೆ ಯಾವುದೂ ಸರಿಹೋಗುವುದಿಲ್ಲ.

ಅದೇ ಪಾದದ ಮುಂದಿನ ಸೂತ್ರವೊಂದು, ಈಶ್ವರನು ಜೀವನು ಮಾಡಿದ ಪ್ರಯತ್ನವನ್ನು ಅಪೇಕ್ಷಿಸಿಯೇ ಫಲ ಕೊಡುತ್ತಾನೆ, ಇಲ್ಲವಾದರೆ ವಿಧಿ ನಿಷೇಧಗಳಿಗೆ ಅರ್ಥವಿರುವುದಿಲ್ಲ ಎಂದು ನಿರ್ಣಯಿಸುತ್ತದೆ. ಮಂತ್ರಾಲಯದ ಕಥೆಗಳಲ್ಲಿ ಅಕ್ಷರ ಬಾರದ ವೆಂಕಣ್ಣನು ರಾಘವೇಂದ್ರರ ಅನುಗ್ರಹದಿಂದ ನವಾಬನ ಪತ್ರವನ್ನು ಓದಿ ಆದೋನಿಯ ದಿವಾನನಾದ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಬೃಂದಾವನಕ್ಕೆ ಮಾಧವರಂ ಗ್ರಾಮದ ಬಂಡೆಯನ್ನೇ ತರಿಸಿ ಕೆತ್ತಿಸಿದವನು ಇದೇ ವೆಂಕಣ್ಣನೆಂಬ ಉತ್ತರಾರ್ಧವನ್ನು ಅಷ್ಟು ಉತ್ಸಾಹದಿಂದ ಹೇಳುವವರು ಕಡಿಮೆ. ಅನುಗ್ರಹದ ಕಥೆಯಲ್ಲಿಯೂ ಕಲ್ಲು ಒಡೆಯುವವರು, ಬಂಡಿ ಹೊಡೆಯುವವರು ಬೇಕಾಗಿದ್ದರು ಎಂಬುದು ಮರೆಯತಕ್ಕ ಸಂಗತಿಯಲ್ಲ.

ಕರಣ ಮತ್ತು ಚೇಷ್ಟೆಗಳ ಭಾಗ ಇನ್ನು ಉಳಿದಿದೆ. ಹಳೆಯ ಮಿಲ್ಲುಗಳಲ್ಲಿ ಉದ್ದನೆಯ ಒಂದೇ ಶಾಫ್ಟಿನಿಂದ ಹಲವು ಯಂತ್ರಗಳನ್ನು ಓಡಿಸುತ್ತಿದ್ದ ಚಪ್ಪಟೆ ಬೆಲ್ಟು ಹರಿದರೆ ಅದನ್ನು ಹೊಲಿದು ಅಥವಾ ಕೊಂಡಿ ಹಾಕಿ ಕೂಡಿಸಬಹುದಿತ್ತು. ವ್ಯಾಯಾಮದ ಸೈಕಲ್ಲುಗಳಲ್ಲಿ ಹೆಚ್ಚಾಗಿ ಇರುವ, ಒಳಮೈಯಲ್ಲಿ ಉದ್ದುದ್ದ ಗೆರೆಗಳಿರುವ ಬೆಲ್ಟು ಹಾಗಲ್ಲ. ಅದರ ಬಲ ರಬ್ಬರಿನಲ್ಲಿಲ್ಲ, ಒಳಗೆ ಸುತ್ತಿದ ನೂಲಿನಲ್ಲಿದೆ, ನೂಲು ತುಂಡಾದ ಮೇಲೆ ಯಾವ ಅಂಟೂ ನಿಲ್ಲದು. ಹೊಸದನ್ನು ತರುವಾಗ ಬೆನ್ನಿನ ಮೇಲೆ ಅಚ್ಚಾದ ಸಂಖ್ಯೆಯನ್ನು ಓದಬೇಕು: 330ಜೆ6 ಎಂದಿದ್ದರೆ ಸುತ್ತಳತೆ 33 ಇಂಚು, ಎಂದರೆ ಸುಮಾರು 838 ಮಿಲಿಮೀಟರು, ಜೆ ಎಂಬುದು ಗೆರೆಗಳ ನಡುವಿನ 2.34 ಮಿಲಿಮೀಟರು ಅಂತರದ ಗುರುತು, 6 ಎಂಬುದು ಗೆರೆಗಳ ಎಣಿಕೆ. ಪ್ಲಗ್ಗು ಇರುವ ಸೈಕಲ್ಲಾದರೆ ಅದನ್ನು ಕಿತ್ತಿಟ್ಟು, ಮುಚ್ಚಳ ತೆಗೆಯಲು ಪೆಡಲು ಬಿಚ್ಚಬೇಕಾಗುತ್ತದೆ. ಎಡ ಪೆಡಲಿನ ತಿರುಪು ಉಲ್ಟಾ ಇರುವುದರಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲಾಗುತ್ತದೆ, ಇದನ್ನು ಅರಿಯದೆ ಬಲ ಹಾಕಿದವರು ತಿರುಪನ್ನೇ ಕೆಡಿಸುತ್ತಾರೆ. ಬಿಗಿ ಹಿಡಿಯುವ ಗಾಲಿಯನ್ನು ಹಿಂದಕ್ಕೆ ಸರಿಸಿ, ಬೆಲ್ಟನ್ನು ಮೊದಲು ಸಣ್ಣ ಪುಲ್ಲಿಗೆ ಕೂರಿಸಿ, ಆಮೇಲೆ ದೊಡ್ಡದರ ಅಂಚಿಗೆ ಹಚ್ಚಿ ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ತಿರುಗಿಸಿದರೆ ಅದು ತಾನೇ ಏರಿ ಕೂರುತ್ತದೆ. ಸ್ಕ್ರೂಡ್ರೈವರಿನಿಂದ ಮೀಟಿದರೆ ಹೊಸ ಬೆಲ್ಟಿನ ನೂಲು ಅಲ್ಲಿಯೇ ಮುರಿದು, ಮುಂದೆ ಅದೇ ಜಾಗದಲ್ಲಿ ಹರಿಯಬಹುದು. ಆಮೇಲೆ ಪ್ರತಿ ಗಾಲಿಯನ್ನೂ ಬೆರಳಿನಿಂದ ತಿರುಗಿಸಿ ಬೇರಿಂಗಿನ ಸದ್ದು ಕೇಳಬೇಕು, ನೇರವಾದ ಸ್ಟೀಲ್ ಪಟ್ಟಿಯೊಂದನ್ನು ಎರಡು ಪುಲ್ಲಿಗಳ ಮುಖಕ್ಕೆ ಒತ್ತಿ ಸಂದು ಇದೆಯೇ ಎಂದು ನೋಡಬೇಕು.

ಇಷ್ಟು ಮಾಡಿಯೂ ಬೆಲ್ಟು ಅಕಾಲದಲ್ಲಿ ಹರಿಯಬಹುದು. ನೂಲಿನಲ್ಲಿ ಕಾಣದ ದೋಷವಿದ್ದಿರಬಹುದು, ಐದನೆಯ ಕಾರಣಕ್ಕೆ ಜಾಗ ಬಿಡುವುದು ಅಂಥಲ್ಲಿ ನ್ಯಾಯವೇ. ಒಂದೇ ವರ್ಷದಲ್ಲಿ ಎರಡನೆಯ ಬೆಲ್ಟು ಕೂಡ ಅದೇ ಅಂಚಿನಲ್ಲಿ ಬಿಚ್ಚಿಕೊಂಡರೆ ಮಾತ್ರ, ಪುಲ್ಲಿಗೆ ಪಟ್ಟಿ ಹಿಡಿದು ನೋಡದವರಿಗೆ ಅದೃಷ್ಟದ ಹೆಸರೆತ್ತುವ ಅಧಿಕಾರವಿಲ್ಲ.