ಸವೆಯುವ ಸತು

ಇವತ್ತು ಒಂದು ಲೋಹದ ತುಂಡಿನಿಂದ ಶುರು ಮಾಡ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ಇಲ್ಲ. ಮಲ್ಪೆಯಲ್ಲಿ ಬೋಟುಗಳು ರಿಪೇರಿಗೆ ಮೇಲೆ ಬರುವ ಕಾಲ ಅದು. ಸ್ಟೀಲ್ ಬೋಟಿನ ಅಡಿಯಲ್ಲಿ, ಪ್ರೊಪೆಲ್ಲರ್ ಹತ್ತಿರ, ಸೋಪಿನ ಬಾರಿನ ಹಾಗೆ ಸತುವಿನ ತುಂಡುಗಳನ್ನು ಕೂರಿಸುತ್ತಾರೆ.

ಯಾಕೆ? ಕಬ್ಬಿಣವೂ ಕಂಚೂ ಒಂದಕ್ಕೊಂದು ತಾಗಿಕೊಂಡು ಉಪ್ಪುನೀರಿನಲ್ಲಿದ್ದರೆ ಅದೊಂದು ಬ್ಯಾಟರಿ ಆಗ್ತದೆ, ಕಬ್ಬಿಣ ಕರಗ್ತದೆ. ಸತು ಅದಕ್ಕಿಂತ ಬೇಗ ಕರಗುವ ಲೋಹ. ಜೋಡಿಸಿದರೆ ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಅರ್ಧ ಸವೆದಾಗಲೇ ಬದಲಿಸಬೇಕು. 1824ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಯುದ್ಧನೌಕೆಗಳ ತಾಮ್ರದ ಹೊದಿಕೆಗೆ ಇದೇ ಉಪಾಯ ಮಾಡಿದ. ತಾಮ್ರ ಉಳಿಯಿತು. ಆದರೆ ಅದು ಸ್ವಲ್ಪ ಸ್ವಲ್ಪ ಕರಗುತ್ತಿದ್ದದ್ದೇ ಪಾಚಿ, ಚಿಪ್ಪುಗಳಿಗೆ ವಿಷವಾಗಿತ್ತು. ಕರಗುವುದು ನಿಂತ ಮೇಲೆ ಅವೆಲ್ಲ ಮೆತ್ತಿಕೊಂಡು ಹಡಗು ನಿಧಾನವಾಯಿತು! ಮಕ್ಕಳಿಗೆ ಒಂದು ಗೀರೂ ಬೀಳದ ಹಾಗೆ ಸಾಕುವವರು ಇದನ್ನು ಯೋಚಿಸಬೇಕು. ಇವತ್ತಿನ ವಿಷಯ ಅದಲ್ಲ.

ಒಬ್ಬ ಬೋಟಿನವರು ತಮ್ಮ ಬೋಟು ತೋರಿಸಿದರು. ಪೇಂಟಿನ ಹುಡುಗ ಸತುವಿನ ಮೇಲೂ ಬಳಿದುಬಿಟ್ಟಿದ್ದ. ವರ್ಷವಾದರೂ ತುಂಡು ಹೊಸದರ ಹಾಗೇ ಇತ್ತು. "ಚಂದ ಉಂಟಲ್ಲ" ಅಂದೆ. "ಅದೇ ತೊಂದರೆ ಮಾರಾಯ್ರೆ. ಇದು ಸವೆಯಲಿಲ್ಲ ಅಂದ್ರೆ ಬೇರೆ ಏನೋ ಸವೆದಿದೆ ಅಂತ ಲೆಕ್ಕ" ಅಂದರು. ಚುಕ್ಕಾಣಿಯಲ್ಲಿ ಬೆರಳು ತೂರುವಷ್ಟು ಗುಂಡಿಗಳು ಬಿದ್ದಿದ್ದವು.

ಆ ಮಾತು ನನ್ನನ್ನು ಬಿಡಲಿಲ್ಲ. ನಮ್ಮ ಮನೆಯಲ್ಲಿ ತಮ್ಮ ತಂಗಿಯರು ನಾವು ನಾಲ್ಕು ಮಂದಿ ಓದಿದೆವು, ಕೆಲಸ ಹಿಡಿದೆವು. ನಾವು ಸವೆಯಲಿಲ್ಲ. ಹಾಗಾದರೆ ಸವೆದದ್ದು ಯಾರು? ಅಕ್ಕ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿದಳು. "ನಮ್ಮಕ್ಕನ ತ್ಯಾಗ" ಅಂತ ನಾನೇ ಇಲ್ಲಿ ನಿಂತು ಎಷ್ಟು ಸಲ ಹೇಳಿದ್ದೇನೆ, ನೀವೂ ಆಮೆನ್ ಅಂದಿದ್ದೀರಿ.

ಈಗ ನನ್ನ ಪ್ರಶ್ನೆ ಇಷ್ಟೇ. ಸತುವನ್ನು ಯಾರೂ ಕೇಳುವುದಿಲ್ಲ, ಬೋಲ್ಟು ಹಾಕಿ ಬಿಗಿಯುತ್ತಾರೆ. ತ್ಯಾಗ ಅಂದರೆ ಕೊಡುವುದು ತಾನೆ? ತೆಗೆದುಕೊಂಡವರು ಅದಕ್ಕೆ ಆ ಹೆಸರಿಡಬಹುದಾ? ಪ್ರೀತಿಯಿಂದಲೇ ಮಾಡಿದಳು ಅಂತೀರಿ. ಇರಬಹುದು. ಆದರೆ ಹನ್ನೆರಡು ವರ್ಷದ ಹುಡುಗಿಗೆ ಬೇಡ ಅನ್ನುವ ದಾರಿ ಇತ್ತಾ? ದಾರಿಯೇ ಇಲ್ಲದ ಕಡೆ ಪ್ರೀತಿ ಯಾವುದು, ಬಿಗಿದ ಬೋಲ್ಟು ಯಾವುದು, ಹೇಗೆ ಗೊತ್ತಾಗುತ್ತದೆ? ಬೋಟಿನವರಾದರೂ ಅರ್ಧಕ್ಕೇ ಬದಲಿಸುತ್ತಾರೆ. ನಾವು ಅದನ್ನೂ ಮಾಡಲಿಲ್ಲ, ಹೊಗಳಿದೆವು. ಆ ಹೊಗಳಿಕೆ ನನಗೆ ಅನುಕೂಲವಾಗಿತ್ತು, ಒಪ್ಪಿಕೊಳ್ಳುತ್ತೇನೆ.

ಹೋದ ತಿಂಗಳು ಕೇಳಿದೆ, "ಅಕ್ಕಾ, ನಿನಗೆ ಓದಬೇಕು ಅಂತ ಇತ್ತಾ?" ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಈಗ ಕೇಳಿದ್ರೆ ಎಂತ ಮಾಡುದು? ಲೆಕ್ಕ ನಂಗೆ ಚಂದ ಬರ್ತಿತ್ತು" ಅಂದಳು.

ಅವಳ ಮೊಣಕಾಲಿನ ಆಪರೇಷನ್ ಉಂಟು. ಜೊತೆಗಿರಲು ನಾಲ್ಕು ಮಂದಿ ಪಾಳಿ ಹಾಕಿಕೊಂಡಿದ್ದೇವೆ. ಮೊದಲ ವಾರ ನನ್ನದು, ಮುಂದಿನ ಭಾನುವಾರ ನಾನು ಇಲ್ಲಿ ಇರುವುದಿಲ್ಲ.